ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಚೀನಾದಲ್ಲಿ ಯಾವ ಕೆಲಸ ಮೊದಲು? ದೀರ್ಘಕಾಲ ನೆಲೆಸಿರುವವರು ತಿಳಿಸಬೇಕು

ತುಂಗಾತೀರ, ಸುಝೌ

ಎಲ್ಲರಿಗೂ ನಮಸ್ಕಾರ. ನಾನು ಜಿಯಾಂಗ್‌ಸು ಪ್ರಾಂತ್ಯದ ಸುಝೌ ನಗರದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಹಲವು ವರ್ಷಗಳಿಂದ ಎಂಜಿನಿಯರ್ ಆಗಿದ್ದೇನೆ. ಪತ್ನಿ ಮತ್ತು ಮಗ ಜೊತೆಯಲ್ಲಿದ್ದಾರೆ. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿರುವುದರಿಂದ ಶಾಂಘೈನಲ್ಲಿರುವ ಭಾರತೀಯ ಕಾನ್ಸುಲೇಟಿನ ಮೂಲಕ ಹೊಸದನ್ನು ಪಡೆಯಬೇಕಾಗಿದೆ. ಊರಿನಲ್ಲಿದ್ದಿದ್ದರೆ ಇದು ಚರ್ಚಿಸುವಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ನಮ್ಮ ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ ಅದರ ಸಂಖ್ಯೆಯೂ ಬದಲಾಗುತ್ತದೆ, ಮತ್ತು ಇಲ್ಲಿ ನನ್ನ ದಿನನಿತ್ಯದ ವ್ಯವಹಾರವೆಲ್ಲ ಆ ಒಂದು ಸಂಖ್ಯೆಗೇ ಜೋಡಿಸಲ್ಪಟ್ಟಿದೆ. ಸಂಬಳ ಬೀಳುವ ಖಾತೆ, ಮೊಬೈಲಿನ ಸಿಮ್, ಸಂದೇಶಕ್ಕೂ ಹಣ ಪಾವತಿಗೂ ಬಳಸುವ ವೀಚಾಟ್, ಪಾವತಿಯ ಅಲಿಪೇ, ರೈಲು ಟಿಕೆಟಿನ 12306 ಆ್ಯಪ್, ಆದಾಯ ತೆರಿಗೆಯ ಆ್ಯಪ್, ಮಗನ ಶಾಲೆಯ ದಾಖಲೆ, ಕೊನೆಗೆ ಬಾಡಿಗೆ ಮನೆಯ ನೋಂದಣಿಯೂ ಅದೇ ಸಂಖ್ಯೆಯ ಹೆಸರಿನಲ್ಲಿದೆ.

ಇಲ್ಲಿನ ಪ್ರಜೆಗೆ ಜೀವನಪೂರ್ತಿ ಬದಲಾಗದ 18 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಎಲ್ಲ ವ್ಯವಸ್ಥೆಗಳನ್ನೂ ಅದನ್ನು ನಂಬಿಯೇ ಕಟ್ಟಿದ್ದಾರೆ. ನಮ್ಮಂಥವರ ಸಂಖ್ಯೆ ಬದಲಾದ ದಿನ ಕಂಪ್ಯೂಟರಿನ ದೃಷ್ಟಿಯಲ್ಲಿ ನಾವು ಬೇರೆಯೇ ವ್ಯಕ್ತಿಯಾಗಿಬಿಡುತ್ತೇವೆ. ತರಕಾರಿ ಗಾಡಿಯವರೂ ಕ್ಯೂಆರ್ ಫಲಕ ತೋರಿಸುವ ಊರಿನಲ್ಲಿ ವೀಚಾಟ್ ಸ್ಥಗಿತಗೊಂಡರೆ ಒಂದು ಕಟ್ಟು ಸೊಪ್ಪು ಕೊಳ್ಳುವುದೂ ಪ್ರಯಾಸವಾಗಬಹುದು ಎಂಬ ಅಳುಕಿದೆ. ಆದ್ದರಿಂದ ಯಾವ ಕಚೇರಿಗೆ ಮೊದಲು ಹೋಗಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದನ್ನು ಈ ದಾರಿಯಲ್ಲಿ ನಡೆದವರು ವಿವರಿಸಬೇಕೆಂದು ಕೋರುತ್ತೇನೆ.

ಘಟ್ಟದಂಚು, ಗುವಾಂಗ್‌ಝೌ

ತುಂಗಾತೀರ ಅವರೇ, ನಿಮ್ಮ ಅಳುಕು ಸಕಾರಣವಾದದ್ದೇ. ಆದರೆ ಕ್ರಮ ತಪ್ಪದಿದ್ದರೆ ಕೆಲವು ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಮೊದಲನೆಯದು ಸರ್ಕಾರ, ಬ್ಯಾಂಕ್ ಅಲ್ಲ. 2013ರ ಜುಲೈ 1ರಿಂದ ಜಾರಿಯಲ್ಲಿರುವ ನಿರ್ಗಮನ ಮತ್ತು ಪ್ರವೇಶ ಆಡಳಿತ ಕಾನೂನಿನ ಪ್ರಕಾರ ವಾಸದ ಪರವಾನಗಿಯಲ್ಲಿ ದಾಖಲಾದ ಯಾವುದೇ ವಿವರ ಬದಲಾದರೆ 10 ದಿನಗಳೊಳಗೆ ಸ್ಥಳೀಯ ಸಾರ್ವಜನಿಕ ಭದ್ರತಾ ಇಲಾಖೆಯ ನಿರ್ಗಮನ-ಪ್ರವೇಶ ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು, ಮತ್ತು ಪಾಸ್‌ಪೋರ್ಟ್ ಸಂಖ್ಯೆ ಆ ವಿವರಗಳಲ್ಲಿ ಒಂದು. ಹಳೆಯ ಪುಸ್ತಕದಲ್ಲಿ ಅಂಟಿಸಿರುವ ಪರವಾನಗಿಗೆ ಇನ್ನೂ ಒಂದು ವರ್ಷ ಬಾಕಿಯಿದೆ ಎಂದು ನಿಶ್ಚಿಂತೆಯಾಗಿ ಕೂರುವಂತಿಲ್ಲ. ಆ ಅರ್ಜಿಗೆ ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ವಾಸ ನೋಂದಣಿ ಚೀಟಿ ಬೇಕಾಗುವುದರಿಂದ, ಹೊಸ ಪಾಸ್‌ಪೋರ್ಟ್ ಕೈಸೇರಿದ ಕೂಡಲೇ ಠಾಣೆಗೆ ಹೋಗಿ ನೋಂದಣಿಯನ್ನು ಹೊಸ ಸಂಖ್ಯೆಗೆ ಬದಲಾಯಿಸಿಕೊಳ್ಳಿ. ಶಾಂಘೈ ಮೊದಲಾದ ಕೆಲವು ನಗರಗಳಲ್ಲಿ ಇದನ್ನು ಮೊಬೈಲಿನಲ್ಲೇ ಮಾಡಬಹುದು. ಉಳಿದ ಕಡೆ ಬಾಡಿಗೆ ಕರಾರು ಮತ್ತು ಮನೆ ಮಾಲೀಕರ ದಾಖಲೆಗಳ ಪ್ರತಿಯೊಂದಿಗೆ ಖುದ್ದಾಗಿ ಹೋಗಬೇಕು. ಇದೇ ಅವಧಿಯಲ್ಲಿ ನಿಮ್ಮ ಕಂಪನಿಯ ಸಿಬ್ಬಂದಿ ವಿಭಾಗವು ಕೆಲಸದ ಪರವಾನಗಿಯ ವ್ಯವಸ್ಥೆಯಲ್ಲಿಯೂ ಸಂಖ್ಯೆಯನ್ನು ತಿದ್ದಿಸಬೇಕು. 2024ರ ಡಿಸೆಂಬರ್ 1ರಿಂದ ಕೆಲಸದ ಪರವಾನಗಿಯನ್ನು ಸಾಮಾಜಿಕ ಭದ್ರತಾ ಕಾರ್ಡಿನೊಳಗೇ ಸೇರಿಸಿರುವುದರಿಂದ ಈಗ ಪ್ರತ್ಯೇಕ ಪ್ಲಾಸ್ಟಿಕ್ ಕಾರ್ಡನ್ನು ಹೊಸದಾಗಿ ಕೊಡುವುದಿಲ್ಲ.

ವಾಸದ ಪರವಾನಗಿಯ ಅರ್ಜಿ ಇತ್ಯರ್ಥವಾಗಲು ಕಾನೂನು 15 ದಿನಗಳವರೆಗೆ ಅವಕಾಶ ಕೊಡುತ್ತದೆ. ಆ ದಿನಗಳಲ್ಲಿ ಪಾಸ್‌ಪೋರ್ಟ್ ಅವರ ಬಳಿ ಇರುತ್ತದೆ, ನಿಮ್ಮ ಕೈಯಲ್ಲಿ ಒಂದು ಸ್ವೀಕೃತಿ ಪತ್ರ ಮಾತ್ರ ಇರುತ್ತದೆ. ನೀವು ದೇಶದೊಳಗೆ ಕಾನೂನುಬದ್ಧವಾಗಿಯೇ ಇರುತ್ತೀರಿ, ಆದರೆ ತುರ್ತಾಗಿ ಊರಿಗೆ ಹೊರಡಲು ಸಾಧ್ಯವಾಗುವುದಿಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇರುವವರು ಇದನ್ನು ಮುಂದಾಗಿಯೇ ಯೋಚಿಸಬೇಕು. ವಸಂತ ಹಬ್ಬದ (ಚೀನೀ ಹೊಸ ವರ್ಷದ) ಹಿಂದುಮುಂದಿನ ದಿನಗಳನ್ನಂತೂ ಆರಿಸಿಕೊಳ್ಳಬೇಡಿ; ಸರ್ಕಾರಿ ರಜೆ ಸುಮಾರು ಒಂದು ವಾರವಾದರೂ ಕಾರ್ಖಾನೆಯ ಸಿಬ್ಬಂದಿ ವಿಭಾಗದವರು ತಮ್ಮ ಊರುಗಳಿಂದ ಮರಳುವುದು ಅದಕ್ಕಿಂತ ಬಹಳ ತಡವಾಗಿ.

ಪರವಾನಗಿ ಬಂದ ಮೇಲೆ ಬ್ಯಾಂಕ್ ಮತ್ತು ಸಿಮ್ ಎರಡನ್ನೂ ಒಂದೇ ದಿನ ಮುಗಿಸಿ. ಕಾನ್ಸುಲೇಟಿನವರು ರದ್ದುಪಡಿಸಿ ಹಿಂದಿರುಗಿಸುವ ಹಳೆಯ ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಎಸೆಯಬೇಡಿ. ನಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹಿಂದಿನ ಪಾಸ್‌ಪೋರ್ಟಿನ ಸಂಖ್ಯೆ, ದಿನಾಂಕ ಮತ್ತು ನೀಡಿದ ಸ್ಥಳವನ್ನು ಮುದ್ರಿಸಿರುತ್ತಾರೆ; ಎರಡು ಸಂಖ್ಯೆಗಳೂ ಒಬ್ಬರದ್ದೇ ಎಂದು ಗುಮಾಸ್ತರಿಗೆ ಮನವರಿಕೆ ಮಾಡಿಕೊಡಲು ಆ ಒಂದು ಸಾಲು ಸಾಕಾಗುತ್ತದೆ. ಬ್ಯಾಂಕಿನ ಶಾಖೆಯನ್ನು ಆರಿಸುವಾಗ ವಿದೇಶೀಯರು ಹೆಚ್ಚಾಗಿ ಬರುವ ದೊಡ್ಡ ಶಾಖೆಗೇ ಹೋಗುವುದು ಒಳ್ಳೆಯದು. ಸಿಮ್ ಬೇರೆ ಪ್ರಾಂತ್ಯದಲ್ಲಿ ಕೊಂಡದ್ದಾಗಿದ್ದರೆ ವಿವರ ತಿದ್ದಲು ಅಲ್ಲಿಗೇ ಹೋಗಬೇಕೆಂದು ಹೇಳುವ ಸಾಧ್ಯತೆಯಿದೆ, ಮೊದಲೇ ಫೋನ್ ಮಾಡಿ ವಿಚಾರಿಸಿ.

ವೀಚಾಟ್ ಮತ್ತು ಅಲಿಪೇಗಳನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಅವು ನಿಮ್ಮ ಹೆಸರು, ಸಂಖ್ಯೆ ಮತ್ತು ಮೊಬೈಲನ್ನು ಬ್ಯಾಂಕಿನ ದಾಖಲೆಯೊಂದಿಗೆ ಹೋಲಿಸಿ ನೋಡುವುದರಿಂದ, ಬ್ಯಾಂಕಿನಲ್ಲಿ ಹಳೆಯ ಸಂಖ್ಯೆ ಇರುವಾಗಲೇ ಇಲ್ಲಿ ಹೊಸದನ್ನು ತುಂಬಿದರೆ ತಾಳೆಯಾಗುವುದಿಲ್ಲ. ತಿದ್ದುವ ಮೊದಲು ಅವುಗಳಲ್ಲಿ ಉಳಿದಿರುವ ಹಣವನ್ನು ಬ್ಯಾಂಕ್ ಖಾತೆಗೆ ವರ್ಗಾಯಿಸಿಕೊಳ್ಳಿ. ಮಧ್ಯದ ಕೆಲವು ದಿನಗಳಿಗೆ ನೋಟುಗಳನ್ನು ಇಟ್ಟುಕೊಂಡಿರಿ. ನಗದನ್ನು ನಿರಾಕರಿಸುವುದು ಇಲ್ಲಿ ನಿಯಮಬಾಹಿರ, ಚಿಲ್ಲರೆ ಇಲ್ಲವೆಂದು ಗೊಣಗಿದರೂ ಅಂಗಡಿಯವರು ತೆಗೆದುಕೊಳ್ಳಲೇಬೇಕು.

ಹೊಂಬಾಳೆ, ಶೆನ್‌ಝೆನ್

ಘಟ್ಟದಂಚು ಅವರು ಸಂಖ್ಯೆಯ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕರ್ನಾಟಕದವರಿಗೆ ಸಂಖ್ಯೆಗಿಂತ ಹೆಚ್ಚಿನ ತೊಡಕು ಹೆಸರಿನದು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಅನೇಕರಿಗೆ ಕುಟುಂಬನಾಮವೆಂಬುದೇ ಇಲ್ಲ. ಊರಿನ ಹೆಸರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬರೆದುಕೊಂಡು ಬೆಳೆದವರು ನಾವು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕಾಗುವುದರಿಂದ ಹೆಸರು ಮೂರು ಪದಗಳಷ್ಟು ಉದ್ದವಾಗುತ್ತದೆ, ಕುಟುಂಬನಾಮದ ಜಾಗ ಕೆಲವೊಮ್ಮೆ ಖಾಲಿಯೇ ಉಳಿಯುತ್ತದೆ. ಸಾಮಾನ್ಯವಾಗಿ ಎರಡು ಅಥವಾ ಮೂರು ಅಕ್ಷರಗಳ ಹೆಸರುಗಳಿಗೆ ಒಗ್ಗಿಕೊಂಡಿರುವ ಇಲ್ಲಿನ ಗುಮಾಸ್ತರು ಇಂಥ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ತುಂಬುತ್ತಾರೆ: ಒಂದು ಕಡೆ ಪದಗಳ ನಡುವೆ ಜಾಗ ಬಿಟ್ಟಿರುತ್ತಾರೆ, ಇನ್ನೊಂದು ಕಡೆ ಎಲ್ಲವನ್ನೂ ಒಟ್ಟಿಗೆ ಸೇರಿಸಿರುತ್ತಾರೆ, ಮತ್ತೊಂದು ಕಡೆ ತಂದೆಯ ಹೆಸರು ಮುಂದಕ್ಕೆ ಬಂದಿರುತ್ತದೆ. ಮನುಷ್ಯರ ಕಣ್ಣಿಗೆ ಇವೆಲ್ಲ ಒಂದೇ. ಹೋಲಿಸಿ ನೋಡುವ ಯಂತ್ರಕ್ಕೆ ಮಾತ್ರ ಇವು ಮೂರು ಬೇರೆ ಬೇರೆ ಜನ.

ಆದ್ದರಿಂದ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಹೆಸರನ್ನು ತಿದ್ದಿಸಿಕೊಳ್ಳುವ ಆಸೆಗೆ ಒಳಗಾಗಬೇಡಿ. ಹೇಗೂ ಹೊಸದಾಗುತ್ತಿದೆ, ಕುಟುಂಬನಾಮವನ್ನೂ ಸರಿಮಾಡಿಸಿಕೊಳ್ಳೋಣ ಎಂದು ಅನೇಕರಿಗೆ ಅನ್ನಿಸುತ್ತದೆ. ಸಂಖ್ಯೆ ಮತ್ತು ಹೆಸರು ಎರಡೂ ಒಟ್ಟಿಗೆ ಬದಲಾದರೆ ಕೊನೆಯ ಪುಟದ ಆ ಸಾಲು ಕೂಡ ನಿಮ್ಮ ನೆರವಿಗೆ ಬಾರದೇ ಹೋಗಬಹುದು. ಬ್ಯಾಂಕಿನಲ್ಲಿ ಹೊಸ ವಿವರ ತುಂಬಿದ ಮೇಲೆ, ಅವರು ಹೆಸರನ್ನು ಯಾವ ಕ್ರಮದಲ್ಲಿ, ಎಲ್ಲೆಲ್ಲಿ ಜಾಗ ಬಿಟ್ಟು ಬರೆದಿದ್ದಾರೆ ಎಂಬುದನ್ನು ಮುದ್ರಿಸಿ ಕೊಡುವಂತೆ ಕೇಳಿ, ಮುಂದೆ ಎಲ್ಲ ಕಡೆಯೂ ಅದನ್ನೇ ನಕಲು ಮಾಡಿ.

ಅವಲಂಬಿತ ಕುಟುಂಬದ ವಿಷಯವನ್ನೂ ಸೇರಿಸುತ್ತೇನೆ, ಏಕೆಂದರೆ ತುಂಗಾತೀರ ಅವರ ಪತ್ನಿ ಮತ್ತು ಮಗ ಅಲ್ಲಿದ್ದಾರೆ. ನಾನೂ ಕುಟುಂಬದವರಿಗೆ ಕೊಡುವ ಎಸ್1 ವೀಸಾದಲ್ಲಿ ಬಂದು ಖಾಸಗಿ ಕಾರಣದ ವಾಸದ ಪರವಾನಗಿಯ ಮೇಲೆ ಇರುವವಳು. ಈ ಪರವಾನಗಿಯಲ್ಲಿ ಕೆಲಸ ಮಾಡುವಂತಿಲ್ಲ, ಮತ್ತು ಪತಿಯ ಪರವಾನಗಿಯೇ ನಮ್ಮ ಪರವಾನಗಿಗೆ ಆಧಾರ. ಪತಿಯ ಸಂಖ್ಯೆ ಬದಲಾದಾಗ ನಮ್ಮ ಕಡತದಲ್ಲಿಯೂ ಹಳೆಯ ಸಂಖ್ಯೆ ಉಳಿದುಕೊಳ್ಳುತ್ತದೆ ಎಂಬುದನ್ನು ಎಷ್ಟೋ ಮಂದಿ ಗಮನಿಸುವುದೇ ಇಲ್ಲ. ನಮ್ಮ ಪರವಾನಗಿ ನವೀಕರಿಸುವ ದಿನ ಅದು ಎದುರಾಗುತ್ತದೆ. ವಿವಾಹ ಪ್ರಮಾಣಪತ್ರವನ್ನು ಮತ್ತೆ ಕೇಳಿದರೆ ಗಾಬರಿಯಾಗದಂತೆ ದೃಢೀಕರಿಸಿದ ಮೂಲಪ್ರತಿಯನ್ನು ಇಲ್ಲಿಯೇ ಇಟ್ಟುಕೊಂಡಿರಿ. 2023ರ ನವೆಂಬರ್ 7ರಿಂದ ಚೀನಾ, ವಿದೇಶಿ ದಾಖಲೆಗಳಿಗೆ ರಾಯಭಾರ ಕಚೇರಿಯ ದೃಢೀಕರಣ ಬೇಡವೆನ್ನುವ ಅಪಾಸ್ಟಿಲ್ ಒಪ್ಪಂದದ ವ್ಯಾಪ್ತಿಗೆ ಬಂದಿದೆ ಎಂದು ಓದಿ ನಿರಾಳರಾಗುವವರಿದ್ದಾರೆ. ಆದರೆ ಚೀನಾದ ಸೇರ್ಪಡೆಗೆ ಭಾರತ ಆಕ್ಷೇಪಿಸಿದ ಕಾರಣ ಈ ಎರಡು ದೇಶಗಳ ನಡುವೆ ಅದು ಅನ್ವಯಿಸುವುದಿಲ್ಲ. ನಮ್ಮ ಪದವಿ ಮತ್ತು ವಿವಾಹ ಪತ್ರಗಳಿಗೆ ಭಾರತದ ವಿದೇಶಾಂಗ ಸಚಿವಾಲಯದ ಮುದ್ರೆಯ ಮೇಲೆ ಚೀನೀ ರಾಯಭಾರ ಕಚೇರಿಯ ದೃಢೀಕರಣವೂ ಬೇಕೇ ಬೇಕು.

ಇಲ್ಲಿಯೇ ಮಗು ಹುಟ್ಟುವ ನಿರೀಕ್ಷೆಯಲ್ಲಿರುವ ದಂಪತಿಗಳು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಹುಟ್ಟಿದ 60 ದಿನಗಳೊಳಗೆ ಮಗುವಿನ ವಾಸದ ದಾಖಲೆಗೆ ಅರ್ಜಿ ಸಲ್ಲಿಸಬೇಕು, ಅದಕ್ಕೆ ಮಗುವಿಗೆ ಪಾಸ್‌ಪೋರ್ಟ್ ಇರಬೇಕು, ಪಾಸ್‌ಪೋರ್ಟಿಗೆ ಕಾನ್ಸುಲೇಟಿನಲ್ಲಿ ಜನನ ನೋಂದಣಿಯಾಗಬೇಕು. ಬಾಣಂತನದ ದಿನಗಳಲ್ಲಿ ಇದು ಬಹಳ ಬೇಗ ಮೈಮೇಲೆ ಬರುತ್ತದೆ.

ಮಗ್ಗದಮನೆ, ಕೆಚಿಯಾವೊ

ಶಾವೊಶಿಂಗ್ ನಗರದ ಕೆಚಿಯಾವೊದಲ್ಲಿ ಬಟ್ಟೆಯ ಸಗಟು ವ್ಯಾಪಾರದಲ್ಲಿ ತೊಡಗಿರುವ ನಮ್ಮಂಥವರಿಗೆ ಈ ತಲೆನೋವು ಹತ್ತು ವರ್ಷಕ್ಕೊಮ್ಮೆ ಬರುವುದಲ್ಲ. ಸಾಮಾನ್ಯ ಭಾರತೀಯ ಪಾಸ್‌ಪೋರ್ಟಿನಲ್ಲಿ 36 ಪುಟಗಳಿರುತ್ತವೆ. ಸರಕು ನೋಡಲು ಯಿವುವಿನಿಂದ ಗುವಾಂಗ್‌ಝೌವಿಗೆ, ಅಲ್ಲಿಂದ ಹಾಂಗ್‌ಕಾಂಗಿಗೆ ಓಡಾಡುವವರ ಪುಟಗಳು ಅವಧಿ ಮುಗಿಯುವ ಎಷ್ಟೋ ಮೊದಲೇ ತುಂಬಿಹೋಗುತ್ತವೆ. ತುಂಗಾತೀರ ಅವರೇ, ನೀವು ಈಗ ಅರ್ಜಿ ಹಾಕುವಾಗ 60 ಪುಟಗಳ ಪುಸ್ತಕವನ್ನೇ ಕೇಳಿ ಪಡೆಯಿರಿ. ಹೆಚ್ಚುವರಿ ಶುಲ್ಕ ಅತ್ಯಲ್ಪ, ಅದರಿಂದ ಉಳಿಯುವ ಶ್ರಮ ಬಹಳ. ಹಾಂಗ್‌ಕಾಂಗಿಗೆ ಭಾರತೀಯರು 2017ರಿಂದ ಮುಂಚಿತವಾಗಿ ಆನ್‌ಲೈನ್ ನೋಂದಣಿ ಮಾಡಿಕೊಳ್ಳಬೇಕಲ್ಲವೇ, ಅದೂ ಪಾಸ್‌ಪೋರ್ಟ್ ಸಂಖ್ಯೆಗೇ ಸೇರಿದ್ದರಿಂದ ಹೊಸದಾಗಿ ಮಾಡಿಸಬೇಕು. ಗಡಿಯ ಸಾಲಿನಲ್ಲಿ ನಿಂತು ಇದನ್ನು ಕಂಡುಕೊಂಡವರನ್ನು ನಾನು ನೋಡಿದ್ದೇನೆ.

ವ್ಯಾಪಾರಿಗಳು ಮಧ್ಯದ ದಿನಗಳಿಗೆ ಅನುಸರಿಸುವ ಒಂದು ಉಪಾಯವಿದೆ. 2023ರ ಮಧ್ಯಭಾಗದಿಂದ ವೀಚಾಟ್ ಮತ್ತು ಅಲಿಪೇ ಎರಡಕ್ಕೂ ವಿದೇಶಿ ಕಾರ್ಡುಗಳನ್ನು ಸರಾಗವಾಗಿ ಜೋಡಿಸಬಹುದು. ಭಾರತದ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಎರಡರಲ್ಲೊಂದು ಆ್ಯಪಿಗೆ ಮೊದಲೇ ಜೋಡಿಸಿ ಇಟ್ಟುಕೊಂಡರೆ ಇಲ್ಲಿನ ಖಾತೆ ಸ್ಥಗಿತವಾದರೂ ದಿನಸಿ, ಟ್ಯಾಕ್ಸಿ, ಊಟ ನಡೆಯುತ್ತದೆ. 200 ಯುವಾನ್‌ವರೆಗಿನ ಪಾವತಿಗೆ ಆ್ಯಪಿನವರು ಶುಲ್ಕ ತೆಗೆದುಕೊಳ್ಳುವುದಿಲ್ಲ, ಮೇಲಾದರೆ ಶೇಕಡಾ 3. ಆದರೆ ಅದರಿಂದ ವ್ಯಕ್ತಿಗಳಿಗೆ ನೇರವಾಗಿ ಹಣ ಕಳುಹಿಸಲಾಗುವುದಿಲ್ಲ. ಮನೆ ಮಾಲೀಕರು ಒಂದು ತಿಂಗಳ ಠೇವಣಿಯೊಂದಿಗೆ ಮೂರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವ ಪದ್ಧತಿ ಇಲ್ಲಿರುವುದರಿಂದ, ಬಾಡಿಗೆಯ ಕಂತು ಬರುವ ತಿಂಗಳಿನಲ್ಲಿ ಪಾಸ್‌ಪೋರ್ಟ್ ಬದಲಾವಣೆ ಬೀಳದಂತೆ ನೋಡಿಕೊಳ್ಳಿ.

ಭಾರತದ ಕಾರ್ಡಿನ ಓಟಿಪಿ ಭಾರತದ ಸಿಮ್‌ಗೇ ಬರುತ್ತದೆ ಎಂಬುದನ್ನು ಮರೆಯದೆ ಆ ಸಿಮ್ಮನ್ನು ರೋಮಿಂಗಿನಲ್ಲಿ ಜೀವಂತವಾಗಿ ಇಡಿ. ಅದರಿಂದ ಇನ್ನೊಂದು ಪ್ರಯೋಜನವೂ ಇದೆ. ಇಲ್ಲಿ ವಾಟ್ಸ್‌ಆ್ಯಪ್ ನಡೆಯುವುದಿಲ್ಲ, 2020ರ ಜೂನಿನಿಂದ ಭಾರತದಲ್ಲಿ ವೀಚಾಟ್ ನಡೆಯುವುದಿಲ್ಲ. ರೋಮಿಂಗ್ ಡೇಟಾದಲ್ಲಾದರೆ ಊರಿನ ವಾಟ್ಸ್‌ಆ್ಯಪ್ ತೆರೆದುಕೊಳ್ಳುತ್ತದೆ.

ಬಯಲುಸೀಮೆ, ಬೆಂಗಳೂರು

ಬೀಜಿಂಗ್‌ನಲ್ಲಿ ಬಹಳ ಕಾಲ ಇದ್ದು ಮರಳಿ ಬಂದವನು ನಾನು. ನಿಮ್ಮೆಲ್ಲರ ಸಲಹೆಗಳೂ ಸರಿಯಾಗಿವೆ. ಆದರೆ ತೆರಿಗೆ ಕಟ್ಟಿ, 2011ರ ಅಕ್ಟೋಬರಿನಿಂದ ವಿದೇಶೀಯರಿಗೂ ಕಡ್ಡಾಯವಾದ ಸಾಮಾಜಿಕ ವಿಮೆಯನ್ನೂ ಕಟ್ಟಿ, ಅಲ್ಲಿಯೇ ಮಕ್ಕಳನ್ನು ಬೆಳೆಸಿದ ವ್ಯಕ್ತಿ ಪುಸ್ತಕ ಬದಲಾದ ಮಾತ್ರಕ್ಕೆ ಮತ್ತೆ ಅಪರಿಚಿತನಾಗುವುದನ್ನು ಯಾರೂ ಪ್ರಶ್ನಿಸದೆ ಹವಾಮಾನದಂತೆ ಸ್ವೀಕರಿಸುತ್ತಿರುವುದು ನನಗೆ ಸೋಜಿಗವೆನಿಸುತ್ತದೆ. 2020ರ ಜನಗಣತಿಯ ಪ್ರಕಾರ ಚೀನಾದ ಮುಖ್ಯಭೂಮಿಯಲ್ಲಿದ್ದ ವಿದೇಶೀಯರ ಸಂಖ್ಯೆ 8,45,697. ನೂರನಲವತ್ತು ಕೋಟಿಯ ದೇಶದಲ್ಲಿ ಇದು ಲೆಕ್ಕಕ್ಕೇ ಸಿಗದಷ್ಟು ಸಣ್ಣ ಗುಂಪು. ಆದುದರಿಂದಲೇ ಯಾವ ಆ್ಯಪನ್ನು ರೂಪಿಸುವವರಿಗೂ ನಾವು ನೆನಪಾಗುವುದು ಕೊನೆಗೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 24 ಗಂಟೆಯೊಳಗೆ ಠಾಣೆಯಲ್ಲಿ ನೋಂದಣಿ ಮಾಡಿಸದಿದ್ದರೆ 2,000 ಯುವಾನ್‌ವರೆಗೆ ದಂಡ ಎಂಬ ನಿಯಮವನ್ನು ನಮ್ಮವರು ಬಹಳ ಟೀಕಿಸುತ್ತಾರೆ. ಆದರೆ ನಮ್ಮಲ್ಲಿಯೂ ವಿದೇಶೀಯರಿಗೆ ಮನೆ ಅಥವಾ ಕೊಠಡಿ ಕೊಟ್ಟವರು 24 ಗಂಟೆಯೊಳಗೆ ಫಾರ್ಮ್ ಸಿ ಎಂದು ಪರಿಚಿತವಾದ ಮಾಹಿತಿ ಪತ್ರವನ್ನು ಸಲ್ಲಿಸಬೇಕೆಂಬುದು ಇಂದಿರಾನಗರದ ಎಷ್ಟು ಮನೆ ಮಾಲೀಕರಿಗೆ ಗೊತ್ತು?

ಘಟ್ಟದಂಚು, ಗುವಾಂಗ್‌ಝೌ

ಬಯಲುಸೀಮೆ ಅವರೇ, ಫಾರ್ಮ್ ಸಿ ಹೋಲಿಕೆ ಸರಿಯಾದರೂ ನಾನು ಪೂರ್ತಿ ಒಪ್ಪಲಾರೆ. ವ್ಯತ್ಯಾಸ ನೋಂದಣಿಯಲ್ಲಿ ಇಲ್ಲ, ಆ ನೋಂದಣಿಯ ಮೇಲೆ ಎಷ್ಟು ಭಾರ ಹೇರಿದ್ದಾರೆ ಎಂಬುದರಲ್ಲಿದೆ. ಬೆಂಗಳೂರಿನ ವಿದೇಶೀಯರ ದಾಖಲೆ ಹಳತಾದರೆ ಕಚೇರಿಗೆ ಅಲೆಯಬೇಕಾದೀತು, ಆದರೆ ಅವರು ದರ್ಶಿನಿಯಲ್ಲಿ ಕಾಸು ಕೊಟ್ಟು ಇಡ್ಲಿ ತಿನ್ನುವುದಕ್ಕೆ, ಆಟೊ ಹತ್ತುವುದಕ್ಕೆ ಅದು ಅಡ್ಡಿಯಾಗುವುದಿಲ್ಲ. ಇಲ್ಲಿ ಆಸ್ಪತ್ರೆಯ ಸರದಿ ಚೀಟಿ, ಬಾಡಿಗೆ ಸೈಕಲ್, ವಸ್ತುಸಂಗ್ರಹಾಲಯದ ಪ್ರವೇಶ ಎಲ್ಲವೂ ಮೊದಲು ಕೇಳುವುದು ಗುರುತನ್ನು. ಅದೇ ಜೋಡಣೆಯಿಂದಲೇ ನಾವು ಸಾಲಿನಲ್ಲಿ ನಿಲ್ಲದೆ ವಿದ್ಯುತ್ ಬಿಲ್ಲು ಕಟ್ಟುವ ಸುಖವನ್ನೂ ಅನುಭವಿಸುತ್ತಿದ್ದೇವೆ, ಅದನ್ನು ಮರೆಯಬಾರದು.

ಕಾಯಂ ನಿವಾಸದ ವ್ಯವಸ್ಥೆ 2004ರಿಂದಲೇ ಇದೆ. 2023ರ ಡಿಸೆಂಬರ್ 1ರಿಂದ ಕೊಡುತ್ತಿರುವ, ಎಲ್ಲರೂ ಪಂಚತಾರೆ ಕಾರ್ಡ್ ಎಂದು ಕರೆಯುವ ಹೊಸ ಚೀಟಿಯಲ್ಲಿ ಪ್ರಜೆಗಳ ಚೀಟಿಯಂತೆಯೇ 18 ಅಂಕಿಗಳ ಸಂಖ್ಯೆ ಇರುತ್ತದೆ. ಅದು ಇರುವವರಿಗೆ ಈ ಚರ್ಚೆಯ ಬಹುಭಾಗ ಅನಗತ್ಯ. ಆದರೆ ಚೀನೀ ಪ್ರಜೆಯನ್ನು ವಿವಾಹವಾದವರಿಗೂ ಮದುವೆಯಾಗಿ ಐದು ವರ್ಷ ಕಳೆದಿರಬೇಕು, ಐದು ವರ್ಷ ಸತತವಾಗಿ ವರ್ಷಕ್ಕೆ ಒಂಬತ್ತು ತಿಂಗಳಿಗೆ ಕಡಿಮೆಯಿಲ್ಲದಂತೆ ಇಲ್ಲಿ ನೆಲೆಸಿರಬೇಕು. ಉದ್ಯೋಗದ ದಾರಿಯಲ್ಲಿ ಬರುವವರಿಗೆ ಕೇಳುವ ಸಂಬಳದ ಮಟ್ಟ ನಮ್ಮಲ್ಲಿ ಬಹುಪಾಲು ಎಂಜಿನಿಯರುಗಳಿಗೆ ಎಟುಕುವಂಥದ್ದಲ್ಲ.

ಯೋಗಪಥ, ಕುನ್‌ಮಿಂಗ್

ಯೋಗ ಶಿಕ್ಷಕನಾಗಿ ಸಣ್ಣ ಊರುಗಳಿಗೆ ಶಿಬಿರ ನಡೆಸಲು ಹೋಗುವವನ ಅನುಭವವನ್ನು ಸೇರಿಸುತ್ತೇನೆ. 12306ರಲ್ಲಿ ಹೊಸ ಸಂಖ್ಯೆಯ ಪರಿಶೀಲನೆ ಮುಗಿದ ಮೇಲೆಯೇ ಟಿಕೆಟ್ ಕೊಳ್ಳಿ. ಇಲ್ಲಿ ಪಾಸ್‌ಪೋರ್ಟೇ ಟಿಕೆಟ್ ಆಗಿರುವುದರಿಂದ ಹಳೆಯ ಸಂಖ್ಯೆಯಲ್ಲಿ ಕೊಂಡ ಆಸನಕ್ಕಾಗಿ ಹೊಸ ಪುಸ್ತಕ ಹಿಡಿದು ಬಾಗಿಲಲ್ಲಿ ವಾದಿಸಬೇಕಾಗುತ್ತದೆ. ಪ್ರಜೆಗಳು ಸ್ವಯಂಚಾಲಿತ ಬಾಗಿಲುಗಳನ್ನು ದಾಟಿ ಹೋಗುವಾಗ ನಾವು ಪಕ್ಕದ ಸಿಬ್ಬಂದಿಯ ಸಾಲಿನಲ್ಲಿ ನಿಲ್ಲುವುದು ಹಲವು ನಿಲ್ದಾಣಗಳಲ್ಲಿ ಇಂದಿಗೂ ಇದೆ, ಸ್ವಲ್ಪ ಬೇಗ ಹೋಗಿ.

ಹೋಟೆಲುಗಳ ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ. ವಿದೇಶೀಯರನ್ನು ಇಳಿಸಿಕೊಳ್ಳುವ ಅರ್ಹತೆ ತಮಗಿಲ್ಲ ಎಂಬ ನೆಪದಿಂದ ನಿರಾಕರಿಸುವಂತಿಲ್ಲ ಎಂದು 2024ರಲ್ಲಿ ಸರ್ಕಾರ ಸ್ಪಷ್ಟವಾಗಿ ಸೂಚಿಸಿದೆ. ಆದರೂ ಯುನ್ನಾನಿನ ಸಣ್ಣ ಪಟ್ಟಣಗಳಲ್ಲಿ ಎದುರಾಗುವುದು ಬಹುತೇಕ ದ್ವೇಷವಲ್ಲ, ಅಜ್ಞಾನ. ಪೊಲೀಸ್ ತಂತ್ರಾಂಶದಲ್ಲಿ ವಿದೇಶಿ ಪಾಸ್‌ಪೋರ್ಟನ್ನು ಎಲ್ಲಿ ತುಂಬಬೇಕೆಂದು ಸ್ವಾಗತ ಮೇಜಿನ ಹುಡುಗಿಗೆ ತಿಳಿದಿರುವುದಿಲ್ಲ. ಹಿಂದಿನ ಹೋಟೆಲಿನಲ್ಲಿ ತುಂಬಿದ ನಮೂನೆಯ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸಿದರೆ ಕೆಲಸ ಸಲೀಸಾಗುತ್ತದೆ, ಕೆಲವೊಮ್ಮೆ ಒಂದು ಲೋಟ ಬಿಸಿನೀರಿನ ಉಪಚಾರವೂ ದೊರೆಯುತ್ತದೆ.

ತುಂಗಾತೀರ, ಸುಝೌ

ಇಷ್ಟು ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. 60 ಪುಟಗಳ ಪುಸ್ತಕಕ್ಕೇ ಅರ್ಜಿ ಹಾಕುತ್ತೇನೆ, ಹೆಸರನ್ನು ಮುಟ್ಟುವುದಿಲ್ಲ. ತೆರಿಗೆಯ ಆ್ಯಪಿನ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಹೊಸ ಸಂಖ್ಯೆಯಲ್ಲಿ ಹೊಸ ಖಾತೆಯನ್ನೇ ತೆರೆದುಬಿಟ್ಟರೆ ಸಾಲದೇ?

ಲೆಕ್ಕದಕೋಲು, ಶಾಂಘೈ

ಸಾಲದು, ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಸಂಖ್ಯೆಯಲ್ಲಿ ಹೊಸದಾಗಿ ನೋಂದಾಯಿಸಿಕೊಂಡರೆ ತೆರಿಗೆ ಇಲಾಖೆಯಲ್ಲಿ ನಿಮ್ಮ ಹೆಸರಿನಲ್ಲಿ ಎರಡು ಕಡತಗಳು ಹುಟ್ಟಿಕೊಳ್ಳುತ್ತವೆ. ವರ್ಷದ ಅರ್ಧ ಸಂಬಳ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಸೇರುತ್ತದೆ. ಮಾರ್ಚ್ 1ರಿಂದ ಜೂನ್ 30ರವರೆಗೆ ನಡೆಯುವ ವಾರ್ಷಿಕ ಲೆಕ್ಕ ಹೊಂದಾಣಿಕೆಯಲ್ಲಿ ವರ್ಷಕ್ಕೆ 60,000 ಯುವಾನ್‌ಗಳ ಮೂಲ ಕಡಿತವನ್ನು ಯಾವ ಕಡತಕ್ಕೆ ಅನ್ವಯಿಸಬೇಕೆಂಬ ಗೊಂದಲ ಉಂಟಾಗುತ್ತದೆ. ಎರಡೂ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ತೆರಿಗೆ ಸೇವಾ ಕಚೇರಿಗೆ ಹೋಗಿ, ಹಳೆಯ ಕಡತದಲ್ಲಿಯೇ ಸಂಖ್ಯೆಯನ್ನು ಬದಲಾಯಿಸಲು ಕೇಳಿ. ಈಗಾಗಲೇ ಎರಡಾಗಿದ್ದರೆ ಒಂದುಗೂಡಿಸುವ ವಿಧಾನವೂ ಇದೆ. ಕಂಪನಿಯ ಸಂಬಳ ವಿಭಾಗವು ಆ ತಿಂಗಳ ತೆರಿಗೆ ವಿವರ ಸಲ್ಲಿಸುವ ಮೊದಲೇ ಇದು ಮುಗಿದರೆ ಒಳ್ಳೆಯದು.

ದೀರ್ಘಕಾಲ ಇರುವವರಿಗೆ ಈ ಕಡತ ಒಂದೇ ಆಗಿರುವುದು ಇನ್ನೊಂದು ಕಾರಣಕ್ಕೂ ಮುಖ್ಯ. ವರ್ಷಕ್ಕೆ 183 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇಲ್ಲಿದ್ದು, ಹೀಗೆ ಸತತವಾಗಿ ಆರು ವರ್ಷ ಕಳೆದವರು ಏಳನೆಯ ವರ್ಷವೂ ಅಷ್ಟು ದಿನ ಇಲ್ಲಿಯೇ ಇದ್ದರೆ, ಊರಿನ ಮನೆ ಬಾಡಿಗೆ ಸೇರಿದಂತೆ ಹೊರದೇಶದ ಆದಾಯವೂ ಇಲ್ಲಿನ ತೆರಿಗೆಯ ವ್ಯಾಪ್ತಿಗೆ ಬರಬಹುದು. ಈ ಲೆಕ್ಕ 2019ರಿಂದ ಆರಂಭವಾಗಿದೆ. ನಡುವೆ ಯಾವುದೇ ಒಂದು ವರ್ಷದಲ್ಲಿ ಒಂದೇ ಸಲಕ್ಕೆ 30 ದಿನಗಳಿಗಿಂತ ಹೆಚ್ಚು ಕಾಲ ಚೀನಾದ ಹೊರಗಿದ್ದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗೆ ಹೊರಗಿದ್ದುದಕ್ಕೆ ಸಾಕ್ಷಿ ಪಾಸ್‌ಪೋರ್ಟಿನ ಮುದ್ರೆಗಳು, ಮತ್ತು ನಿಮ್ಮ ವಿಷಯದಲ್ಲಿ ಅವು ಹಳೆಯ ಪುಸ್ತಕದಲ್ಲಿರುತ್ತವೆ. ಆದ್ದರಿಂದ ಅದರ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ನಿಮ್ಮ ಪ್ರವೇಶ ಮತ್ತು ನಿರ್ಗಮನಗಳ ದಾಖಲೆಯನ್ನು ವಲಸೆ ಇಲಾಖೆಯಿಂದಲೂ ಪಡೆಯಬಹುದು. ಅದಕ್ಕೆ ಅರ್ಜಿ ಹಾಕುವಾಗ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಬರೆಯಿರಿ, ಇಲ್ಲವಾದರೆ ಹೊಸ ಪುಸ್ತಕ ಬಂದ ನಂತರದ ಪ್ರಯಾಣಗಳನ್ನಷ್ಟೇ ಮುದ್ರಿಸಿ ಕೊಡುತ್ತಾರೆ.